ದ್ಯಾಮಮ್ಮನ ಕಸಬರಿಗೆ

ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದ ಅತ್ತೆಯ ಕಡ್ಡಿ ಕಸಬರಿಗೆಯನ್ನು ವಿನೋದಾ ಎಳೆದುಕೊಂಡಳು. ದ್ಯಾಮಮ್ಮನ ಹೆಣ ಹೊತ್ತವರು ಆಗಲೇ ಊರ ಕೊನೆಯ ತಿರುವು ದಾಟಿದ್ದರು.

"ಒಳಮನೆಯಿಂದ ಗುಡಿಸ್ಕಂಡು ಬಾರೆ. ಹೆಣ ಹೋದ ಮನೆ," ಎಂದಳು ನೆರೆಮನೆಯ ಹುಲಿಯಮ್ಮ, ಬಿಂದಿಗೆ ಹಿಡಿದು.

"ಮನೆ ಇರ್ಲಿ ಹುಲಿಯಕ್ಕ. ಸುಡುಗಾಡು ಯಾರು ಗುಡಿಸಿದ್ರು?"

ಹುಲಿಯಮ್ಮ ಬಿಂದಿಗೆ ಕೆಳಗಿಟ್ಟಳು. ಬೇಸಿಗೆಯಲ್ಲಿ ಊರಲ್ಲಿ ಯಾರೇ ಸತ್ತರೂ, ಹೆಣ ಏಳುವ ಮೊದಲೇ ಹೋಗಿ ಗುಡ್ಡದ ಬುಡದ ಸುಡುಗಾಡಿನ ಸುತ್ತ ತರಗೆಲೆ ಗುಡಿಸಿ ಬರುತ್ತಿದ್ದವಳು ದ್ಯಾಮಮ್ಮ. ಅವಳಿದ್ದಾಳೆಂದು ಎಲ್ಲರೂ ನಿಶ್ಚಿಂತೆಯಿಂದ ಇರುತ್ತಿದ್ದರು. ಇವತ್ತೂ ಹಾಗೇ ಇದ್ದುಬಿಟ್ಟಿದ್ದರು.

*

ವಿನೋದಾ ಸೊಸೆಯಾಗಿ ಬಂದ ವರ್ಷ ಆ ಗುಡ್ಡಕ್ಕೆ ಕೊರೆಯುವ ದುಂಬಿ ಬಿದ್ದಿತ್ತು. ಬುಡದಲ್ಲಿ ರವೆಯಂಥ ಪುಡಿ ಉದುರಿಸುತ್ತ ಮರಗಳು ನಿಂತಲ್ಲೇ ಒಣಗಿದವು. ಮುಂದಿನ ಬೇಸಿಗೆಗೆ ಯಾರೋ ಎಸೆದ ಬೀಡಿಯೊಂದು ಸಾಕಾಯಿತು. ಅರ್ಧ ಗುಡ್ಡ ಬೂದಿಯಾಯಿತು.

ದ್ಯಾಮಮ್ಮ ಫಾರೆಸ್ಟಿನವರ ಬೆನ್ನು ಬಿದ್ದು, ಹುಳ ಹಿಡಿದ ಮರಗಳನ್ನು ಕಡಿಸಿ ಸಾಗಿಸಿದಳು. ಹೆಂಗಸರನ್ನು ಕಟ್ಟಿಕೊಂಡು ನೇರಳೆ, ಅತ್ತಿ, ಹೊನ್ನೆ ನೆಟ್ಟಳು. ಒಂದು ಬೋಳುಮರವನ್ನು ಮಾತ್ರ ಮುಟ್ಟಗೊಡಲಿಲ್ಲ. ಅದರ ಪೊಟರೆಯಲ್ಲಿ ಕುಟ್ರು ಹಕ್ಕಿ ಮರಿ ಮಾಡಿತ್ತು.

"ಅಂಗಳಕ್ಕಿಂತ ಗುಡ್ಡಾನೇ ಚೊಕ್ಕ ಮಾಡ್ತೀರಲ್ಲ ಅತ್ತೆ," ಎಂದು ವಿನೋದಾ ಒಮ್ಮೆ ಚುಚ್ಚಿದ್ದಳು.

"ಅಂಗಳಕ್ಕೆ ನೀನಿದ್ದೀಯಲ್ಲೆ. ಗುಡ್ಡಕ್ಕೆ ಯಾರಿದಾರೆ?" ಎಂದು ದ್ಯಾಮಮ್ಮ ನಕ್ಕಿದ್ದಳು. ಆ ನಗು ಕಂಡು ವಿನೋದಾಗೆ ಸಿಟ್ಟೇ ಬಂದಿತ್ತು.

*

"ಹೆಂಗಸ್ರು ಇಲ್ಲಿಗೆ ಬರಬಾರ್ದು ಕಣಮ್ಮ," ಊರ ಹಿರಿಯ ಸುಬ್ಬಯ್ಯ ಸುಡುಗಾಡಿನಲ್ಲಿ ವಿನೋದಾಗೆ ಅಡ್ಡ ನಿಂತರು. ಅವರ ಹಿಂದೆ ಗಂಡ ಮಾಳೇಶನ ಕೈಯಲ್ಲಿ ಕೊಳ್ಳಿ ಹೊಗೆಯಾಡುತ್ತಿತ್ತು. ಚಿತೆಯಿಂದ ಗುಡ್ಡದವರೆಗೂ ತರಗೆಲೆಯ ಹಾಸು. ಗಾಳಿಯೂ ಅತ್ತಲೇ.

"ಹಂಗಾರೆ ನೀವೇ ಗುಡಿಸಿ, ಸುಬ್ಬಯ್ಯಣ್ಣ," ವಿನೋದಾ ಕಸಬರಿಗೆ ಚಾಚಿದಳು. "ಅತ್ತೆ ನೆಟ್ಟಿದ್ದನ್ನ ಅತ್ತೆ ಚಿತೆಯಿಂದಲೇ ಸುಡಬೇಡಿ."

ಸುಬ್ಬಯ್ಯ ಕಾಲಡಿಯ ಎಲೆಗಳನ್ನು ನೋಡಿದರು. ಮಾಳೇಶ ಕೊಳ್ಳಿಯನ್ನು ಮಡಕೆಯ ನೀರಿಗೆ ಅದ್ದಿದ.

"ಗುಡ್ಸೇ. ಅವ್ವ ಕಾಯ್ತಾಳೆ," ಎಂದ.

ಹಿಂದಿನಿಂದ ಹುಲಿಯಮ್ಮನ ಏದುಸಿರು. ಜೊತೆಗೆ ನಾಲ್ಕಾರು ಹೆಂಗಸರು, ನಾಲ್ಕಾರು ಕಸಬರಿಗೆ.

"ಹಿಂಗಾ ಗುಡಿಸೋದು? ಮಣ್ಣು ಕಾಣ್ಬೇಕು ಕಣೆ. ನಿಮ್ಮತ್ತೆ ಎದ್ದು ಬಂದು ಬೈತಾಳೆ!" ಎಂದು ಹುಲಿಯಮ್ಮ ಗದರಿದಳು.

ಅಳುತ್ತಿದ್ದವರೂ ನಕ್ಕರು.

ಬಿಸಿಲು ಇಳಿಯುವ ಹೊತ್ತಿಗೆ ಚಿತೆ ಹೊತ್ತಿಕೊಂಡಿತು. ಉರಿಯುವ ಚೂರೊಂದು ಮೇಲೆದ್ದು ಗುಡ್ಡದತ್ತ ತೇಲಿತು. ಗುಡಿಸಿದ ಕೆಮ್ಮಣ್ಣಿನ ಮೇಲೆ ಬಿದ್ದು ಅಲ್ಲೇ ಕಪ್ಪಾಯಿತು. ಆಚೆ, ಬೋಳುಮರದ ಪೊಟರೆಯೊಳಗೆ ಕುಟ್ರು ಹಕ್ಕಿಯೊಂದು ಅತ್ತಿಹಣ್ಣು ಕಚ್ಚಿಕೊಂಡು ಹೊಕ್ಕಿತು.