ಪಂಚೆಗೂ ಪಿ.ಟಿ.ಓ.ಗೂ ಆಗಿಬರಲ್ಲ

ನಮ್ಮನೆಯವರಿಗೆ ಪ್ಯಾಂಟು ಹಾಕಿಕೊಳ್ಳಿ ಎಂದು ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬೇಕಾದರೆ ನಮ್ಮೂರು ಮತ್ತೋಡಿನಲ್ಲಿ ಯಾರನ್ನಾದರೂ ಕೇಳಿ. ನಮ್ಮ ಮದುವೆಯಲ್ಲೂ ಪಂಚೆ, ಮಗಳು ಚೈತ್ರಾಳ ಮದುವೆಯಲ್ಲೂ ಪಂಚೆ, ಟ್ರ್ಯಾಕ್ಟರ್ ಹತ್ತಿದರೂ ಪಂಚೆ. ಅದನ್ನಾದರೂ ನೆಟ್ಟಗೆ ಎತ್ತಿ ಕಟ್ಟುತ್ತಾರಾ? ಅಂಚು ಯಾವಾಗಲೂ ಒಂದು ಕಡೆ ಜೋತುಬಿದ್ದಿರಬೇಕು.

ನನ್ನ ಜೀವ ಹೋಗುತ್ತಿದ್ದದ್ದೇ ಆ ಅಂಚಿಗೆ. ನಮ್ಮ ಹಳೇ ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಒಂದು ಕಬ್ಬಿಣದ ಶಾಫ್ಟು ಇದೆ. ಅದು ಗಿರಗಿರ ತಿರುಗಿ ರಾಗಿ ಒಕ್ಕುವ ಮಿಷನ್ನನ್ನು ಓಡಿಸುತ್ತದೆ. ಪಿ.ಟಿ.ಓ. ಅನ್ನುತ್ತಾರೆ. ಲಿವರ್ ಎಳೆದರೆ ತಿರುಗಬೇಕು, ತಳ್ಳಿದರೆ ನಿಲ್ಲಬೇಕು. ನಮ್ಮದು ಒಳಗೆಲ್ಲ ಸವೆದು, ಲಿವರ್ ತಳ್ಳಿದ ಮೇಲೂ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತಿತ್ತು. ಹೋದ ಸುಗ್ಗಿಯಲ್ಲಿ ಪಂಚೆಯ ಅಂಚು ಹಿಡಿದು ಸರ್ರನೆ ಸುತ್ತಿಕೊಂಡಿತು. ಪಂಚೆ ಹಳೆಯದು, ಹರಿದುಹೋಯಿತು. ಅದಕ್ಕೇ ಮನುಷ್ಯ ಉಳಿದರು. ಇವರೋ, ಚಡ್ಡಿಯಲ್ಲಿ ನಿಂತು ನಗುತ್ತಿದ್ದರು! ನನಗೆ ಅವತ್ತು ಅನ್ನ ಇಳಿಯಲಿಲ್ಲ.

ಈ ಸಲ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ: "ಅದನ್ನ ಬದಲಾಯಿಸೋ ತನಕ ಈ ಕಣಕ್ಕೆ ಮಿಷನ್ ಬರಂಗಿಲ್ಲ."

"ನಿಲ್ಲಾದು ಒಂಚೂರು ನಿಧಾನ ಕಣೇ, ನನ್ನಂಗೆ," ಎಂದರು.

"ನಿಮ್ಮನ್ನಂತೂ ಬದಲಾಯಿಸಾಕೆ ಆಗಲ್ಲ. ಅದನ್ನಾದ್ರೂ ಬದಲಾಯಿಸ್ರಿ."

ನಾನೇ ಫೋನ್ ಮಾಡಿ ಹೊಸದುರ್ಗದಿಂದ ಮೆಕ್ಯಾನಿಕ್ ಮುಝಫರ್‌ನನ್ನು ಕರೆಸಿದೆ. ಅವನ ಅಪ್ಪನ ಕಾಲದಿಂದಲೂ ನಮ್ಮ ಟ್ರ್ಯಾಕ್ಟರಿಗೆ ಅವರ ಮನೆಯವರೇ ಡಾಕ್ಟರು. ಅದೇ ಮಾಡೆಲಿನ ಇನ್ನೊಂದು ಗಾಡಿಯಿಂದ ಬಿಚ್ಚಿದ ಗಟ್ಟಿಮುಟ್ಟಾದ ಪಿ.ಟಿ.ಓ.ವನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಅವನೂ ಇವರೂ ಸೇರಿ ಎಣ್ಣೆ ಇಳಿಸಿದರು, ಬೋಲ್ಟು ಬಿಚ್ಚಿದರು, ಎಳೆದರು. ಹಳೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮುರುಗಪ್ಪಣ್ಣ, ಇದೂ ನಿಮ್ಮ ಥರಾನೇ ಐತೆ ಬಿಡ್ರಿ. ಹಿಡಿದಿದ್ದು ಬಿಡಲ್ಲ," ಎಂದ ಮುಝಫರ್.

ನನಗೆ ನಗು ತಡೆಯಲಾಗಲಿಲ್ಲ. ಸುತ್ತಿಗೆಯ ಪೆಟ್ಟು ತಿಂದ ಮೇಲೆ ಅದು ಕಳಚಿಕೊಂಡಿತು. ಬೇರೆಯದನ್ನು ಕೂರಿಸಿ ಎಣ್ಣೆ ತುಂಬುವಷ್ಟರಲ್ಲಿ ನನ್ನ ಮುದ್ದೆ ಸಾರೂ ಆಗಿತ್ತು.

"ಅಕ್ಕಾ, ಪೂಜೆ ಮಾಡ್ಬಿಡ್ರಿ. ಆಮೇಲೆ ಓಡಿಸಿ ನೋಡಾಣ," ಎಂದ.

ಮನೆಗೆ ಏನೇ ಬಂದರೂ ಹೂವು ಏರಿಸದೆ ಕೆಲಸಕ್ಕೆ ಹಚ್ಚುವವರಲ್ಲ ನಾವು. ವಿಭೂತಿ ಬಳಿದೆ, ಕುಂಕುಮ ಇಟ್ಟೆ, ನಮ್ಮ ಹೊಲದ ಸೇವಂತಿಗೆ ಹಾರವನ್ನು ಶಾಫ್ಟಿಗೇ ಹಾಕಿದೆ. ಗಿರಗಿರ ತಿರುಗುವುದಕ್ಕೆ ಹಾರ! ಪಂಚೆಯ ಅಂಚಿಗೆ ವರ್ಷವೆಲ್ಲಾ ಬೈದವಳಿಗೆ ಅಷ್ಟೂ ಬುದ್ಧಿ ಬೇಡವೇ? ಕರ್ಮ, ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇವರು ಸೀಟಿನ ಮೇಲೆ ಕೂತು, ಹಿಂದಕ್ಕೆ ತಿರುಗಿ ನೋಡುತ್ತಾ ಲಿವರ್ ಎಳೆದರು. ಮುಝಫರ್ ಮುಂದೆ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ಶಾಫ್ಟು ತಿರುಗಿತು, ಹಾರ ಹರಿಯಿತು, ಹೂವು ಉದುರತೊಡಗಿದವು. ಪೂಜೆಯ ಹೂವು ಕಾಲಿಗೆ ಸಿಗುತ್ತವಲ್ಲಾ ಎಂದು ಬಗ್ಗಿ ಕೈ ಚಾಚಿದೆ. ಸೆರಗು ಹೆಗಲಿಂದ ಜಾರಿತು. ಶಾಫ್ಟು ಅದನ್ನು ಹಿಡಿದು ನನ್ನನ್ನು ತನ್ನ ಕಡೆ ಎಳೆದುಕೊಂಡಿತು.

"ಮರುಳಸಿದ್ದೀ!"

ಮದುವೆಯಾದಾಗಿನಿಂದ 'ಏ ಇವಳೇ' ಬಿಟ್ಟರೆ ನನ್ನ ಹೆಸರು ಆ ಬಾಯಲ್ಲಿ ಬಂದಿರಲಿಲ್ಲ. ಕೂಗು ಕೇಳಿಸುವಷ್ಟರಲ್ಲಿ ಇವರ ಕೈ ಲಿವರ್ ತಳ್ಳಿಯಾಗಿತ್ತು. ಶಾಫ್ಟು ಗಕ್ಕನೆ ನಿಂತಿತು. ಸೆರಗು ಒಂದೇ ಸುತ್ತು ಸುತ್ತಿಕೊಂಡಿತ್ತು. ನನ್ನ ಮುಖಕ್ಕೂ ಅದಕ್ಕೂ ನಡುವೆ ಗೇಣು ಜಾಗವಿತ್ತು.

ಮುಝಫರ್ ಓಡಿಬಂದು ಎಂಜಿನ್ ಆರಿಸಿ, ಗ್ರೀಸಿನ ಕೈಯಲ್ಲೇ ಸೆರಗು ಬಿಡಿಸಿದ. "ಯಾ ಅಲ್ಲಾ, ಹಳೇದೇ ಇದ್ದಿದ್ರೆ..." ಎಂದ.

ಇವರು ಇಳಿದು ಬಂದರು. ಯಾವತ್ತೂ ದನಿ ಎತ್ತದ ಮನುಷ್ಯ. "ಬುದ್ಧಿ ಐತೇನೇ ನಿಂಗೆ? ಹೂವು ಹೋದ್ರೆ ಹೊಲ್ದಾಗೆ ಬೇಕಾದಷ್ಟು ಅವೆ. ನಿನ್ನ ಎಲ್ಲಿಂದ ತರ್ಲಿ?"

ನನಗೆ ಭಯಕ್ಕಿಂತ ಆ ಮಾತಿಗೇ ಅಳು ಬಂತು.

ಇವರು ಸೀದಾ ಒಳಗೆ ಹೋದರು. ಹೊರಗೆ ಬಂದಾಗ ಹೊಳಲ್ಕೆರೆಯ ಅಳಿಯ ಬಿಟ್ಟುಹೋಗಿದ್ದ ಪ್ಯಾಂಟು ಹಾಕಿಕೊಂಡಿದ್ದರು. ಸೊಂಟಕ್ಕೆ ನಿಲ್ಲದೆ ಹುರಿ ಕಟ್ಟಿದ್ದರು. ಮುಝಫರ್ ನಗು ಮುಚ್ಚಿಕೊಳ್ಳಲು ಪಾನಾ ಹುಡುಕುವವನ ಹಾಗೆ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ.

"ನೀನು ಸೆರಗು ಸೊಂಟಕ್ಕೆ ಸಿಗಿಸು. ನಾನು ಪಂಚೆ ಬಿಟ್ಟೀನಿ," ಎಂದರು. "ಕಣದಾಗೆ ಇಬ್ರಿಗೂ ಒಂದೇ ಕಾನೂನು."

ನಾನು ಸೆರಗು ಸಿಗಿಸಿಕೊಂಡು ಕಣದ ಅಂಚಿಗೆ ಸರಿದೆ. ಇವರು ಹುರಿ ಬಿಗಿ ಮಾಡಿಕೊಂಡು ಟ್ರ್ಯಾಕ್ಟರ್ ಹತ್ತಿದರು. ಲಿವರ್ ಮುಟ್ಟುವ ಮುಂಚೆ ಹಿಂದಕ್ಕೆ ತಿರುಗಿದರು.

"ಮರುಳಸಿದ್ದೀ, ದೂರ ನಿಂತೀಯೇನೇ?"

ಚೆನ್ನಾಗಿಯೇ ಕೇಳಿಸಿತು. ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ನಿಂತೆ.