ಚಾಪೆಯ ಮೇಲಿನ ಸೀರೆಗಳು

ವ್ಯಾನಿನಲ್ಲಿ ನನಗಿದ್ದ ಕನ್ನಡಿ ಅಂಗೈಯಷ್ಟು ಅಗಲದ್ದು. ಅದರಲ್ಲಿ ಮುಖ ಕಂಡರೆ ಕುತ್ತಿಗೆ ಕಾಣುತ್ತಿರಲಿಲ್ಲ, ಕುತ್ತಿಗೆ ಕಂಡರೆ ಮುಖ ಕಾಣುತ್ತಿರಲಿಲ್ಲ. ಡ್ರೈವರ್ ಸೀಟಿನ ಮೇಲೆ ಇನ್ನೊಂದಿತ್ತು. ಅದು ಹಿಂದೆ ಬಿಟ್ಟುಬಂದ ರಸ್ತೆಯನ್ನಷ್ಟೇ ತೋರಿಸುತ್ತಿತ್ತು. ಹೀಗಾಗಿ ಆ ವರ್ಷವೆಲ್ಲ ನಾನು ನನ್ನನ್ನು ತಲೆಯಿಂದ ಕಾಲಿನವರೆಗೆ ಸರಿಯಾಗಿ ನೋಡಿಕೊಂಡಿದ್ದೇ ಇಲ್ಲ. ನೋಡಿಕೊಳ್ಳುವ ಆಸೆಯೂ ಇರಲಿಲ್ಲ ಎಂದರೆ ಸುಳ್ಳಾದೀತು.

ಏಕೆಂದರೆ ಅದಕ್ಕೆ ಮೊದಲು ನಾನು ನಿಲುವುಗನ್ನಡಿಯ ಹೆಂಗಸು. ನಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಜೊತೆಗೆ ಊರಿನಲ್ಲಿ ಯಾವ ಸಭೆ ನಡೆದರೂ ನಿರೂಪಣೆ ನನ್ನದೇ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಅಂಚಿಗೆ ಹೊಂದುವ ರವಿಕೆ, ಭುಜದ ಮೇಲೆ ಪಿನ್ನು ಹಾಕಿದ ಸೆರಗು, ದೊಡ್ಡ ತುರುಬು. ಭಾಷಣ ಮಾಡಿದವರು ಯಾರೆಂದು ಮರೆತವರೂ ನಾನು ಯಾವ ಸೀರೆ ಉಟ್ಟಿದ್ದೆ ಎನ್ನುವುದನ್ನು ಮರೆಯುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ದೇವರು ನನಗೆ ರೂಪ ಕೊಡುವಾಗ ಕೈ ಬಿಗಿಹಿಡಿದಿದ್ದ. ಉಳಿದದ್ದನ್ನು ನಾನೇ ಬಣ್ಣದಲ್ಲಿ ಸರಿಮಾಡಿಕೊಂಡೆ.

ಮದುವೆ ಆಗಲಿಲ್ಲ. ಅಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಅಮ್ಮ ತೀರಿಕೊಂಡ ಕೆಲವು ದಿನಗಳಲ್ಲೇ ನನ್ನ ನಿವೃತ್ತಿಯೂ ಬಂತು, ಮನೆ ಕೆಡವುತ್ತೇವೆಂದು ಯಜಮಾನರ ಮಾತೂ ಬಂತು. ಇನ್ನೊಂದು ಬಾಡಿಗೆ ಮನೆ ಹುಡುಕಬಹುದಿತ್ತು. ಆದರೆ ಜೀವಮಾನವಿಡೀ ಮಕ್ಕಳಿಗೆ ಬೋರ್ಡಿನ ಮೇಲೆ ಬೆಟ್ಟ, ಹೊಳೆ, ಸೂರ್ಯೋದಯ ಬರೆದು ತೋರಿಸಿದವಳು ನಾನು. ನೋಡಿದ್ದು ಮಾತ್ರ ಕ್ಯಾಲೆಂಡರಿನಲ್ಲಿ. ವಾದ್ಯಗೋಷ್ಠಿಯವರೊಬ್ಬರು ತಮ್ಮ ಹಳೆಯ ವ್ಯಾನು ಮಾರುತ್ತಿದ್ದರು. ಕೊಂಡುಬಿಟ್ಟೆ, ಓಡಿಸುವುದನ್ನೂ ಕಲಿತುಕೊಂಡೆ. ಅದರಲ್ಲೇ ಇರುತ್ತೇನೆ, ಮನಸ್ಸು ಬಂದ ಊರಿಗೆ ಹೋಗುತ್ತೇನೆ ಎಂದಾಗ ಎದುರುಮನೆಯ ಜಲಜಾಕ್ಷಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ನಮ್ಮದೇ ಸ್ಕೂಲಿನ ಗಣಿತದ ಟೀಚರ್; ದಿನವೂ ನಾವಿಬ್ಬರೂ ಒಂದೇ ಕೊಡೆಯಲ್ಲಿ ಜಗಳವಾಡುತ್ತ ಸ್ಕೂಲಿಗೆ ಹೋದವರು.

"ಗುಜರಿಗೆ ಹೋಗೋ ಗಾಡೀಲಿ ಸಂಸಾರ ಮಾಡ್ತೀಯೇನೇ?"

"ಸಂಸಾರ ಇದ್ದೋರು ಮನೇಲಿ ಮಾಡ್ಲಿ. ನನಗೆ ಗಾಡಿ ಸಾಕು" ಎಂದೆ.

ಬಡಗಿ ವ್ಯಾನಿನೊಳಗೆ ಮಂಚ, ಒಲೆಕಟ್ಟೆ, ನೀರಿನ ಡ್ರಮ್ಮಿಗೆ ಗೂಡು ಎಲ್ಲ ಮಾಡಿ, ಉಳಿದ ಸಂದಿಯಲ್ಲಿ ಬಟ್ಟೆಗೆಂದು ಒಂದು ಕಪಾಟು ಕೂರಿಸಿಕೊಟ್ಟ. ನಾಲ್ಕು ಸೀರೆ ಮಡಿಸಿಟ್ಟರೆ ಬಾಗಿಲು ಮುನಿಸಿಕೊಳ್ಳುತ್ತಿತ್ತು. ಮನೆಯ ಬೀರುವಿನಲ್ಲಿದ್ದದ್ದನ್ನು ನೋಡಿ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬೀರು, ನಿಲುವುಗನ್ನಡಿ ಮಾರಿದೆ. ಸೀರೆಗಳನ್ನು ಮಾರಲು ಮನಸ್ಸು ಬರಲಿಲ್ಲ. ಬೇಕಾದವರಿಗೆ ಹಂಚಬೇಕೆಂದುಕೊಂಡೆ.

ಸೀರೆ ಹಂಚುವುದು ನನಗೆ ಗೊತ್ತಿತ್ತು. ಅಮ್ಮ ಹೋದಾಗ ಹಂಚಿದ್ದೆನಲ್ಲ. ಅದೇ ನಡುಮನೆಯಲ್ಲಿ ಅದೇ ಚಾಪೆ ಹಾಸಿ, ಒಂದರ ಪಕ್ಕ ಒಂದು ಬಣ್ಣ ಹೊಂದಿಸಿಟ್ಟೆ. ಕೇರಿಯ ಹೆಂಗಸರನ್ನೂ ಸ್ಕೂಲಿನವರನ್ನೂ ಕರೆದೆ. "ನೆನಪಿಗೆ ಒಂದೊಂದು ತಗೊಳ್ಳಿ" ಎಂದೆ. ನನ್ನ ಲೆಕ್ಕದಲ್ಲಿ ಅದೊಂದು ಸಣ್ಣ ಸಂಭ್ರಮ. ನಗು, ಗಲಾಟೆ, ಇದು ನನಗೆ ಅದು ನಿನಗೆ ಎಂಬ ಎಳೆದಾಟ ಇರುತ್ತದೆಂದುಕೊಂಡಿದ್ದೆ. ಅಂಥದ್ದೇನೂ ಆಗಲಿಲ್ಲ. ಬಂದವರು ಗೋಡೆಗೆ ಒರಗಿ ನಿಂತರು. ಕೈಗೆ ಸಿಕ್ಕಿದ್ದನ್ನು ಆರಿಸದೆಯೇ ಎತ್ತಿಕೊಂಡರು. ಜಲಜಾಕ್ಷಿ ಚಾಪೆಯ ಹತ್ತಿರವೂ ಬರಲಿಲ್ಲ. ಅವಳಿಗೆಂದೇ ಎತ್ತಿಟ್ಟಿದ್ದ ನವಿಲು ಬಣ್ಣದ ಸೀರೆಯನ್ನು ನಾನೇ ಅವಳ ಕೈಗೆ ತುರುಕಿದೆ. ಅವಳು ಸೀರೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಒಬ್ಬೊಬ್ಬರೇ ಹೊರಟರು. "ಹೋಗಿ ಬರ್ತೀವಿ" ಎಂದು ಒಬ್ಬರಾದರೂ ಹೇಳಲಿಲ್ಲ. ಮೆಟ್ಟಿಲಿಳಿದು ಹಿಂದೆ ತಿರುಗದೆ ಹೋದರು. ನನ್ನ ಎದೆಗೆ ಚುಚ್ಚಿದಂತಾಯಿತು. ಇಷ್ಟು ವರ್ಷದ ಒಡನಾಟಕ್ಕೆ ಇಷ್ಟೇ ಬೆಲೆಯೇ ಎಂದು ಸಿಟ್ಟೂ ಬಂತು. ಮರುದಿನ ಬೆಳಿಗ್ಗೆ ವ್ಯಾನು ಹೊರಡಿಸುವಾಗ ಎದುರುಮನೆಯ ಬಾಗಿಲು ಮುಚ್ಚಿತ್ತು. ಹಾರ್ನು ಹೊಡೆದೆ. ತೆರೆಯಲಿಲ್ಲ. ಹಾಗಿದ್ದರೆ ಹಾಗೇ ಇರಲಿ ಎಂದು ಗೇರು ಹಾಕಿದೆ.

ಮೊದಮೊದಲು ನಾನು ವ್ಯಾನಿನಲ್ಲೂ ಸೀರೆಯನ್ನೇ ಉಡುತ್ತಿದ್ದೆ. ನಿಂತರೆ ತಲೆ ಚಾವಣಿಗೆ ತಾಗುತ್ತಿತ್ತು. ಬಗ್ಗಿ ನೆರಿಗೆ ಹಿಡಿದರೆ ಮೊಳಕೈ ಒಲೆಗೆ ಬಡಿಯುತ್ತಿತ್ತು. ಒಗೆದ ಸೀರೆ ಒಣಗಿಸಲು ವ್ಯಾನಿನಿಂದ ಮರಕ್ಕೆ ಹಗ್ಗ ಕಟ್ಟಬೇಕು. ಅದನ್ನು ನೋಡಿ ಹೋಗುವವರು ಬರುವವರು ಯಾವುದೋ ಸರ್ಕಸ್ಸು ಬಂದಿದೆಯೆಂದು ನಿಲ್ಲುತ್ತಿದ್ದರು. ಗಂಜಿ ಹಾಕುವಷ್ಟು ನೀರಿದ್ದರೆ ನಾನು ಎರಡು ದಿನ ಸ್ನಾನ ಮಾಡಬಹುದಿತ್ತು. ಕಡೆಗೊಂದು ದಿನ ಚಹಾ ಕಾಯಿಸುವಾಗ ಸೆರಗಿಗೆ ಬೆಂಕಿ ತಾಗಿತು. ಆರಿಸಿದೆ. ಅಯ್ಯೋ ಎನ್ನಲು ಸುತ್ತ ಯಾರೂ ಇರಲಿಲ್ಲ. ಆ ವಾರವೇ ಒಂದು ಸಂತೆಯಲ್ಲಿ ಕುರ್ತಾ, ಪ್ಯಾಂಟು ಕೊಂಡೆ. ತುರುಬಿಗೂ ನೀರು ಸಾಲದೆಂದು ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡೆ. ಉಳಿದಿದ್ದ ಸೀರೆಗಳಲ್ಲಿ ಒಂದು ಕಿಟಕಿಯ ಪರದೆಯಾಯಿತು, ಒಂದು ಹೊದಿಕೆಯಾಯಿತು.

ಅನುಕೂಲವಾಯಿತು, ಇಲ್ಲವೆನ್ನುವುದಿಲ್ಲ. ಹೊಳೆಗೆ ಇಳಿಯಬಹುದು, ವ್ಯಾನಿನ ಮೇಲೆ ಹತ್ತಬಹುದು, ಟೈರು ಬಿಚ್ಚಬಹುದು. ಆದರೆ ನಾನು ಯಾರೂ ಅಲ್ಲದವಳಾದೆ. ಪೆಟ್ರೋಲ್ ಬಂಕಿನಲ್ಲಿ "ಡ್ರೈವರ್ ಎಲ್ಲಮ್ಮಾ?" ಎನ್ನುತ್ತಿದ್ದರು. ಬೆನ್ನು ನೋಡಿದವರು "ಸ್ವಲ್ಪ ಜಾಗ ಬಿಡಿ ಸಾರ್" ಎನ್ನುತ್ತಿದ್ದರು. ಮುಂದೆ ಬಂದು ನೋಡಿ ಅಜ್ಜಿ ಎಂದು ತಿದ್ದಿಕೊಳ್ಳುತ್ತಿದ್ದರು. ಒಮ್ಮೆ ಬಟ್ಟೆಯಂಗಡಿಯೊಂದರ ಗಾಜಿನಲ್ಲಿ ಯಾರೋ ಎದುರಿಗೆ ಬಂದಂತಾಗಿ ದಾರಿ ಬಿಟ್ಟು ನಿಂತೆ. ಅವರೂ ಬಿಟ್ಟು ನಿಂತರು. ಅದು ನಾನೇ ಎಂದು ತಿಳಿದಾಗ ಅಂಗಡಿಯವನು ನಗುತ್ತಿದ್ದ, ನನಗೆ ನಗು ಬರಲಿಲ್ಲ. ಎಷ್ಟೋ ದಿನ ಯಾರೊಡನೆಯೂ ಒಂದು ಮಾತಿಲ್ಲದೆ ಕಳೆಯುತ್ತಿತ್ತು. ಗಂಟಲು ಕಟ್ಟೀತೆಂಬ ಭಯಕ್ಕೆ ಖಾಲಿ ಮೈದಾನಗಳಿಗೆ ಸ್ವಾಗತ ಕೋರುತ್ತಿದ್ದೆ, ವಂದನೆ ಅರ್ಪಿಸುತ್ತಿದ್ದೆ. ಜಲಜಾಕ್ಷಿಗೆ ಫೋನು ಮಾಡಬಹುದಿತ್ತು. ಅವಳೇ ಮಾಡಲಿ ಎಂದುಕೊಂಡೆ. ಅವಳು ಮಾಡಲಿಲ್ಲ.

ವರ್ಷ ತುಂಬಿದಾಗ ಊರಿಗೆ ಹೋಗಲೇಬೇಕಾಯಿತು. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಮುಖ ತೋರಿಸಿ ಬರಬೇಕು. ಕೌಂಟರಿನಲ್ಲಿದ್ದವಳು ಹೊಸಬಳು. ಪಾಸ್‌ಬುಕ್ಕಿನ ಫೋಟೋದಲ್ಲಿದ್ದ ತುರುಬು, ಸೆರಗು, ಬೊಟ್ಟು ನೋಡಿದಳು. ನನ್ನ ಕುರ್ತಾ ನೋಡಿದಳು.

"ಇದರಲ್ಲಿರೋರು ಬಂದಿಲ್ವಾ ಮೇಡಂ? ಅವರೇ ಬರಬೇಕು."

"ಬಂದಿದಾರೆ. ನಾನೇ."

ಅವಳು ಮತ್ತೊಮ್ಮೆ ನೋಡಿದಳು. ಸಹಿ ಹಾಕಿಸಿದಳು; ಸ್ಟಿಯರಿಂಗ್ ಹಿಡಿದು ಹಿಡಿದು ಕೈ ಜಡ್ಡುಗಟ್ಟಿ ಸಹಿಯೂ ನನ್ನದಾಗಿ ಉಳಿದಿರಲಿಲ್ಲ. "ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಖಾತೆ ಇರೋರು, ನಿಮ್ಮನ್ನ ಚೆನ್ನಾಗಿ ಬಲ್ಲೋರು ಯಾರಾದ್ರೂ ಒಬ್ಬರನ್ನ ಕರ್ಕೊಂಡು ಬನ್ನಿ" ಎಂದಳು. ಹೊರಗೆ ಬರುವಾಗ ಬ್ಯಾಂಕಿನ ಗಾಜಿನ ಬಾಗಿಲಲ್ಲಿ ಮತ್ತೆ ಆ ಅಪರಿಚಿತ ಹೆಂಗಸು ಎದುರಾದಳು. ಈ ಸಲ ದಾರಿ ಬಿಡಲಿಲ್ಲ.

ನನ್ನನ್ನು ಬಲ್ಲವರು ಎಂದರೆ ಒಬ್ಬಳೇ. ನಿಜ ಹೇಳಬೇಕೆಂದರೆ ಪಿಂಚಣಿ ನಿಂತುಹೋದೀತೆಂಬ ಭಯಕ್ಕಿಂತ ಅವಳೂ ನನ್ನನ್ನು ಒಪ್ಪಿಕೊಳ್ಳದಿದ್ದರೆ ಎಂಬ ಭಯ ದೊಡ್ಡದಾಗಿತ್ತು. ವ್ಯಾನನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ನಡೆದುಹೋದೆ. ನಮ್ಮ ಮನೆಯಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ ಇತ್ತು. ಎದುರುಮನೆಯ ಬಾಗಿಲು ತಟ್ಟಿದೆ.

"ಯಾರು ಬೇಕಾಗಿತ್ತು?" ಎಂದಳು ಜಲಜಾಕ್ಷಿ.

"ನೀನೇ ಕಣೆ" ಎಂದೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನ್ನ ತಲೆಗೂದಲಿನಿಂದ ಚಪ್ಪಲಿಯವರೆಗೆ ಕಣ್ಣು ಇಳಿದು ಮತ್ತೆ ಮೇಲೇರಿತು. ಒಳಗೆ ಬಾ ಎನ್ನಲಿಲ್ಲ. ಸರಸರ ಕೋಣೆಗೆ ಹೋಗಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಏನನ್ನೋ ತಂದು ನನ್ನ ಎದೆಗೆ ಒತ್ತಿದಳು. ನವಿಲು ಬಣ್ಣದ ಸೀರೆ. ಮಡಿಕೆ ಬಿಚ್ಚಿರಲಿಲ್ಲ.

"ತಗೊಂಡು ಹೋಗು ಇದನ್ನ. ಮನೇಲಿ ಇಟ್ಕೊಂಡು ನನಗೆ ನಿದ್ದೆ ಇಲ್ಲ."

"ಯಾಕೆ ಉಡಲಿಲ್ಲ? ಹಳೇದು ಅಂತಲಾ?" ಎಂದೆ. ಒಂದು ವರ್ಷದ ಸಿಟ್ಟು ಆ ಮಾತಿನಲ್ಲಿತ್ತು.

"ಹಳೇದಂತೆ! ನಿಮ್ಮಮ್ಮನ ಸೀರೆ ಉಟ್ಟಿಲ್ವೇನೇ ನಾನು? ನಮ್ಮತ್ತೇದು ಉಟ್ಟಿಲ್ವಾ? ಸತ್ತೋರ ಸೀರೆ ಉಡೋಕೆ ನನಗೇನೂ ಭಯ ಇಲ್ಲ. ಬದುಕಿರೋಳ ಸೀರೇನ ಹಾಗೆ ಹೆಂಗೆ ಉಡ್ಲಿ ಹೇಳು. ಚಾಪೆ ಹಾಸಿ ಸಾಲಾಗಿ ಇಟ್ಟೆ. ಒಂದು ಚಿಟಿಕೆ ಅರಿಶಿನ ಇಲ್ಲ, ಕುಂಕುಮ ಇಲ್ಲ, ಎಲೆ ಅಡಿಕೆ ಇಲ್ಲ. ನೆನಪಿಗೆ ತಗೊಳ್ಳಿ ಅಂದೆ. ಹದಿಮೂರನೇ ದಿನ ಮುಗಿದ ಮೇಲೆ ಕೊಡ್ತಾರಲ್ಲ, ಥೇಟ್ ಹಾಗೇ ಕೊಟ್ಟೆ. ನಿನ್ನ ಕೈಯಾರೆ ನಿನ್ನದೇ ತಿಥಿ ಮಾಡ್ಕೊಂಡೆ."

ನಾನು ಸೀರೆಯನ್ನು ತಿರುಗಿಸಿ ನೋಡಿದೆ.

"ಅಂಥ ಮನೆಯಿಂದ ಹೋಗಿ ಬರ್ತೀನಿ ಅಂತ ಯಾರಾದ್ರೂ ಹೇಳಿ ಹೊರಡ್ತಾರಾ? ಬಾಯಿಗೆ ಬಂದಿದ್ದನ್ನ ನುಂಗ್ಕೊಂಡು ಬಂದ್ವಿ ನಾವೆಲ್ಲ. ಬೆಳಿಗ್ಗೆ ನೀನು ಹಾರ್ನು ಹೊಡೀತಾ ಇದ್ರೆ ನಾನು ಬಾಗಿಲ ಹಿಂದೇನೇ ಇದ್ದೆ. ಇವಳು ಎಲ್ಲೋ ಹೋಗಿ ಏನಾದ್ರೂ ಮಾಡ್ಕೊಳ್ತಾಳೆ, ಅದಕ್ಕೇ ಎಲ್ಲ ಹಂಚಿದಾಳೆ ಅಂತ ಕೈಕಾಲೇ ಆಡಲಿಲ್ಲ. ಆಮೇಲೆ ಫೋನು ಬಂದಾಗೆಲ್ಲ ನಿನ್ನ ಸುದ್ದೀನೇ ಅಂತ ಎತ್ತೋಕೆ ಹೆದರಿದೀನಿ." ಅವಳ ದನಿ ಒಡೆಯಿತು. "ಇದನ್ನ ಉಟ್ಟಿದ್ರೆ ನೀನು ಹೋದೆ ಅಂತ ನಾನೇ ಒಪ್ಕೊಂಡ ಹಾಗೆ ಅಲ್ವಾ?"

ಅಮ್ಮನ ಸೀರೆ ಹಂಚಿದ್ದೊಂದೇ ನಾನು ಕಂಡಿದ್ದ ಹಂಚಿಕೆ. ಅದೇ ಚಾಪೆ, ಅದೇ ಸಾಲು, ಅದೇ ಮಾತು. ಬಣ್ಣ ಹೊಂದಿಸುವುದರಲ್ಲೇ ನನ್ನ ಬುದ್ಧಿಯೆಲ್ಲ ಮುಗಿದಿತ್ತು. ಆ ಹೊಸ್ತಿಲ ಹೊರಗೇ ಕೂತು ಅತ್ತೆ. ಯಾರಿಗೂ ಬೇಡವಾದೆ ಎಂದು ವರ್ಷವೆಲ್ಲ ಊರೂರು ತಿರುಗಿದವಳಿಗಾಗಿ ಇಲ್ಲೊಬ್ಬಳು ನಿದ್ದೆಗೆಟ್ಟು ಕಾದಿದ್ದಳು.

ಅತ್ತು ಮುಗಿದ ಮೇಲೆ ಬ್ಯಾಂಕಿನ ಮಾತು ಹೇಳಿದೆ. ಅವಳು ಮೂಗೊರೆಸಿಕೊಂಡು ದೇವರ ಮನೆಯಿಂದ ಬಟ್ಟಲು ತಂದಳು. "ಕೊಡೋದಾದ್ರೆ ಸರಿಯಾಗಿ ಕೊಡು. ಆಮೇಲೆ ಬ್ಯಾಂಕಿಗೆ ಬರ್ತೀನಿ" ಎಂದಳು. ಅವಳ ಮನೆಯಲ್ಲಿ, ಅವಳದೇ ಅರಿಶಿನ ಕುಂಕುಮ ಅವಳಿಗೇ ಹಚ್ಚಿ, ಅವಳದೇ ಎಲೆ ಅಡಿಕೆಯಿಟ್ಟು ನನ್ನ ಸೀರೆ ಕೊಟ್ಟೆ. ಅವಳು ಅಲ್ಲೇ ಕೋಣೆಯಲ್ಲಿ ಉಟ್ಟಳು. ನಾನು ನೆರಿಗೆ ಹಿಡಿದೆ. ಅವಳ ಬೀರುವಿಗೆ ಉದ್ದನೆಯ ಕನ್ನಡಿಯಿತ್ತು. ಅದರಲ್ಲಿ ನವಿಲು ಬಣ್ಣದ ಸೀರೆಯ ಹೆಂಗಸೊಬ್ಬಳು, ಅವಳ ಪಕ್ಕ ಮೋಟುಗೂದಲಿನ, ಬಿಸಿಲಿಗೆ ಕಪ್ಪಾದ, ನೆಟ್ಟಗೆ ನಿಂತ ಇನ್ನೊಬ್ಬಳು. ಅಷ್ಟೇನೂ ಕೆಟ್ಟದಾಗಿರಲಿಲ್ಲ ಆ ಇನ್ನೊಬ್ಬಳು.

ದಾರಿಯಲ್ಲಿ ನಾನು ಬೇಕೆಂದೇ ಹಿಂದೆ ಉಳಿದೆ. ಆ ಸೀರೆ ಹಿಂದಿನಿಂದ ಹೇಗೆ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮೂಲೆಯ ಹೂವಿನವಳು ಜಲಜಾಕ್ಷಿಯ ಬೆನ್ನು ನೋಡಿ, "ಡ್ರಾಯಿಂಗ್ ಮೇಡಂ, ಯಾವಾಗ ಬಂದ್ರಿ?" ಎಂದು ಕೂಗಿದಳು. ಜಲಜಾಕ್ಷಿ ತಿರುಗಿ, "ಮೇಡಂ ಅಲ್ಲಿ ಬರ್ತಿದಾರೆ ನೋಡು, ಪ್ಯಾಂಟು ಹಾಕ್ಕೊಂಡು" ಎಂದಳು. ಹೂವಿನವಳು ಎದ್ದು ನಿಂತು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಮುಡಿಯಲು ಹೂ ಕೊಡಲು ಬಂದು, ಸಿಕ್ಕಿಸಲು ಜಾಗ ಕಾಣದೆ ನನ್ನ ಕೈಗೇ ಕೊಟ್ಟಳು.

ಬ್ಯಾಂಕಿನಲ್ಲಿ ಜಲಜಾಕ್ಷಿ ಕೌಂಟರಿನ ಮೇಲೆ ಎರಡೂ ಕೈ ಊರಿದಳು. "ಇವಳು ಬದುಕಿದಾಳೆ ಅಂತ ನಾನು ಬರೆದುಕೊಡ್ತೀನಮ್ಮ. ಹೇಗೆ ಬದುಕಿದಾಳೆ ಅಂತ ಮಾತ್ರ ಕೇಳಬೇಡ."

ಸಂಜೆ ಹೊರಡುವಾಗ ಅವಳು, "ಮಹಡಿ ಮೇಲಿನ ರೂಮು ಖಾಲಿ ಇದೆ" ಎಂದಳು. ಆ ರೂಮಿನಲ್ಲಿ ಇರಬೇಕಾದವಳು ನಿಲುವುಗನ್ನಡಿಯ ಹೆಂಗಸು, ಅವಳು ಈಗ ನನ್ನ ಹತ್ತಿರ ಇರಲಿಲ್ಲ. "ಇರ್ಲಿ, ಖಾಲಿ ಇಟ್ಟಿರು" ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಕುಂಕುಮವಿಟ್ಟು, ತಟ್ಟೆ ಹಿಡಿದು, "ಸೆರಗೊಡ್ಡು" ಎಂದಳು.

"ಸೆರಗೆಲ್ಲಿದೆ?"

"ಇರೋದನ್ನೇ ಒಡ್ಡು."

ಕುರ್ತಾದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದೆ. ತೆಂಗಿನಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ ಬಿದ್ದವು.

"ಕಣ ಯಾಕೆ? ರವಿಕೆ ತೊಡೋದು ಬಿಟ್ಟಾಯ್ತಲ್ಲ."

"ಕೈಮಸಿ ಬಟ್ಟೆ ಮಾಡ್ಕೋ. ಶಾಸ್ತ್ರ ನಿನ್ನ ಪ್ಯಾಂಟು ನೋಡ್ಕೊಂಡು ಬದಲಾಗಲ್ಲ" ಎಂದಳು.

ವ್ಯಾನು ಹೊರಡುವ ಮೊದಲು ಒಳಗಿರುವ ಒಂದೊಂದನ್ನೂ ಕಟ್ಟಬೇಕು, ಇಲ್ಲವೇ ಸಂದಿಗೆ ಸಿಕ್ಕಿಸಬೇಕು. ಅದನ್ನು ನಾನೆಂದೂ ಮರೆತವಳಲ್ಲ. ಅಂದು ತೆಂಗಿನಕಾಯಿಯನ್ನು ಮಂಚದ ಮೇಲೆ ಹಾಗೇ ಇಟ್ಟು ಬಂದಿದ್ದೆ. ಊರಿನ ಹೊರಗಿನ ಮೊದಲ ತಿರುವಿನಲ್ಲಿ ಅದು ಕೆಳಗೆ ಬಿದ್ದು ಹಿಂದಿನ ಬಾಗಿಲವರೆಗೆ ಉರುಳಿತು. ಬ್ರೇಕು ಒತ್ತಿದಾಗ ಮುಂದಕ್ಕೆ ಬಂದು ನನ್ನ ಸೀಟಿಗೆ ಮೆತ್ತಗೆ ತಾಗಿ ನಿಂತಿತು. ನಿಲ್ಲಿಸಿ ಎತ್ತಿಡಬಹುದಿತ್ತು. ನಾನು ನಿಲ್ಲಿಸಲಿಲ್ಲ. ಕತ್ತಲಾಗುತ್ತಿದ್ದ ಆ ಉದ್ದನೆಯ ರಸ್ತೆಯಲ್ಲಿ, ತಿರುವು ಬಂದಾಗಲೆಲ್ಲ ಅದು ನನ್ನ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಿತ್ತು.