ಅಂಟಿಸಿದ ಗಡ್ಡ, ನಿಜವಾದ ಕಿಲುಬು

ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಮಾಡುವ ಮನೆಗೆ ವರ್ಷಕ್ಕೆರಡು ಸಲವಾದರೂ ಕಲಾಯಿಯವನು ಬರಲೇಬೇಕು. ಬೈರಕೂರಿಗೆ ಹದಿನೈದು ವರ್ಷದಿಂದ ಬರುತ್ತಿದ್ದವನು ಮುಳಬಾಗಿಲಿನ ಅಜ್ಮತುಲ್ಲಾ. ಹುಣಸೆಮರದ ಕೆಳಗೆ ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರದ ಬಿಳಿ ಪುಡಿ ಉದುರಿಸಿ ತವರ ಬಳಿದನೆಂದರೆ ಒಳಗೆ ಮುಖ ಕಾಣುತ್ತಿತ್ತು.

ಆ ಸಲ ಊರಿನ ಮುನಿಗಂಗಮ್ಮ ಅವನಿಗೆ ಬಾಗಿಲನ್ನೇ ಪೂರ್ತಿ ತೆಗೆಯಲಿಲ್ಲ.

"ಈಗ ಬೇಡ ಸಾಬ್ರೇ, ಹೋಗ್ಬನ್ನಿ."

"ಯಾಕಕ್ಕಯ್ಯ? ಯುಗಾದಿಗೆ ಹಾಕಿದ್ದು, ಸವೆದಿರುತ್ತೆ. ಸಾರಿನ ತಪ್ಪಲೆ ಒಂದಾದ್ರೂ ಕೊಡಿ."

"ಬೇಡ ಅಂದ್ನಲ್ಲ!"

ಕಾರಣವಿತ್ತು. ನಾಲ್ಕು ದಿನದ ಹಿಂದೆ ಅವಳು ಮುಳಬಾಗಿಲಿನ ಡೇರೆ ಸಿನಿಮಾಕ್ಕೆ ಹೋಗಿದ್ದಳು. ಅದರಲ್ಲಿ ಟೋಪಿ, ಗಡ್ಡ, ಕಣ್ಣಿಗೆ ಸುರುಮಾ ಹಚ್ಚಿದ ಒಬ್ಬ, ಮುರುಕು ಮಾತಾಡುತ್ತಾ ಬಂದು ಊರ ಬಾವಿಗೆ ಬಿಳಿ ಪುಡಿ ಸುರಿದ. ಜನ ಒದ್ದಾಡಿ ಸತ್ತರು. ಮನೆಯಲ್ಲೋ ಮಗಳು ಬೈರಮ್ಮ ಏಳು ತಿಂಗಳ ಬಸುರಿ. ಹದಿನೈದು ವರ್ಷ ಕಣ್ಣಿಗೆ ಬೀಳದಿದ್ದ ಅಜ್ಮತುಲ್ಲಾನ ಪುಡಿ ಈಗ ಮುನಿಗಂಗಮ್ಮನ ಕಣ್ಣಿಗೆ ಬಿತ್ತು. ಪಾತ್ರೆ ಕೊಡಲು ಅವಳಿಗೆ ಭಯವಾಯಿತು.

ಮೂರನೇ ದಿನ ಬೆಳಿಗ್ಗೆ ಬೈರಮ್ಮ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡತೊಡಗಿದಳು. ಸಿನಿಮಾದ ಕಥೆಯನ್ನು ಮುನಿಗಂಗಮ್ಮನಿಂದ ಕೇಳಿದ್ದ ಗಂಡ ಆವಲಪ್ಪ ದೊಣ್ಣೆ ಎತ್ತಿಕೊಂಡ.

"ಮೊನ್ನೆ ಆ ಸಾಬಿ ಊರ ಬಾವಿ ಹತ್ರ ನಿಂತಿದ್ದ! ಬಿಡಲ್ಲ ಅವನ್ನ!"

ಕೂಗು ಕೇಳಿ ಪಕ್ಕದ ಮನೆಯ ಶ್ಯಾಮಲಮ್ಮ ಓಡಿ ಬಂದಳು.

"ತಾಳಣ್ಣ. ಊರೆಲ್ಲ ಆ ಬಾವಿ ನೀರೇ ಕುಡಿಯೋದು. ನಿಂಗೇನಾಗಿದೆ? ನಂಗೇನಾಗಿದೆ? ಲೇ ಗಂಗಮ್ಮ, ಮಗಳೇನು ತಿಂದ್ಲು?"

"ರಾತ್ರಿ ಮಿಕ್ಕಿದ ಹುಳಿಸಾರು. ಬಸುರಿಗೆ ಹುಳಿ ಮೇಲೆ ಆಸೆ, ಅವಳೊಬ್ಬಳೇ ಉಂಡಳು."

ಶ್ಯಾಮಲಮ್ಮ ತಪ್ಪಲೆ ಬಗ್ಗಿಸಿದಳು. ಕಲಾಯಿ ಸವೆದ ತಳದಲ್ಲಿ ಹಸಿರು ಕಿಲುಬು.

"ಇದು ಕಣೇ ವಿಷ! ಮೊದಲು ಗಾಡಿ ಕಟ್ಟಣ್ಣ, ಆಸ್ಪತ್ರೆಗೆ ಹೋಗೋಣ."

ದಾರಿಯುದ್ದಕ್ಕೂ ಮುನಿಗಂಗಮ್ಮ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟೇ ಕುಳಿತಳು. ಒಳಗಿನ ಕೂಸು ಮಿಸುಕುವುದೋ ಇಲ್ಲವೋ ತಿಳಿಯದು. ನನ್ನ ಕೈಯಾರೆ ಉಣ್ಣಿಸಿದೆನಲ್ಲ ಎಂದು ಅವಳಿಗೆ ಅಳು ಉಕ್ಕಿತು.

"ಆ ಸಿನಿಮಾದೋನು ಹಾಗೆ ಮಾಡಿದ್ನಲ್ಲೇ..." ಎಂದು ಪಕ್ಕದಲ್ಲಿ ಕುಳಿತ ಶ್ಯಾಮಲಮ್ಮನಿಗೆ ಹೇಳಿದಳು.

"ಅವನ ಗಡ್ಡ ಅಂಟಿಸಿದ್ದು! ನಮ್ಮ ಯಜಮಾನ್ರು ಕೋಲಾರದ ನಾಟಕ ಕಂಪ್ನೀಲಿ ಹನ್ನೆರಡು ವರ್ಷ ವೇಷ ಕಟ್ಟಲಿಲ್ವಾ? ಕೇಡಿ ಪಾರ್ಟು ಅಂದ್ರೆ ಸಾಕು, ಪೆಟ್ಟಿಗೆಯಿಂದ ಅದೇ ಟೋಪಿ, ಅದೇ ಗಡ್ಡ ತೆಗೆಯೋರು. ಆ ಸಿನಿಮಾದಲ್ಲಿ ಟೋಪಿ ಹಾಕ್ಕೊಂಡ ಒಳ್ಳೇವ್ನು ಒಬ್ಬನಾದ್ರೂ ಬಂದ್ನಾ?"

ಮುನಿಗಂಗಮ್ಮ ನೆನಪು ಮಾಡಿಕೊಂಡಳು. ಒಬ್ಬನೂ ಇರಲಿಲ್ಲ.

"ಅಜ್ಮತುಲ್ಲಾ ಎಂದಾದ್ರೂ ಹಾಗೆ ಮುರುಕು ಮಾತಾಡಿದ್ದುಂಟಾ? ಕನ್ನಡ, ತೆಲುಗು ಎರಡೂ ನಿನಗಿಂತ ಚೆನ್ನಾಗಿ ಆಡ್ತಾನೆ."

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, "ತಾಯಿ, ಮಗು ಇಬ್ಬರಿಗೂ ಭಯವಿಲ್ಲ. ಕಲಾಯಿ ಹಾಕಿಸದೆ ಇನ್ನು ಒಲೆ ಹತ್ತಿಸಬೇಡಿ" ಎಂದರು.

ಮರುದಿನ ಮುನಿಗಂಗಮ್ಮ ಪಾತ್ರೆಗಳನ್ನು ತಾನೇ ಹೊತ್ತು ಅಜ್ಮತುಲ್ಲಾನ ಮನೆಗೆ ಹೋದಳು. ಆವಲಪ್ಪನೂ ತಲೆ ತಗ್ಗಿಸಿಕೊಂಡು ಹಿಂದೆ ಬಂದ. ಅಜ್ಮತುಲ್ಲಾ ಬರಿದಲೆಯಲ್ಲಿ ಕುಳಿತಿದ್ದ. ಮೊನ್ನೆ ಅರೆಬಾಗಿಲಲ್ಲಿ ಅವಳು ಅದನ್ನು ಗಮನಿಸಿರಲಿಲ್ಲ.

"ಟೋಪಿ ಎಲ್ಲಿ ಸಾಬ್ರೇ?"

"ಆ ಸಿನಿಮಾ ನಾನೂ ನೋಡ್ದೆ ಅಕ್ಕಯ್ಯ. ದೀಪ ಹಾಕಿದಾಗ ಅಕ್ಕಪಕ್ಕದೋರೆಲ್ಲ ನನ್ನೇ ನೋಡ್ತಿದ್ರು. ತೆಗೆದು ಚೀಲದಲ್ಲಿಟ್ಟೆ. ಆದ್ರೂ ನೀವು ಬಾಗಿಲು ತೆಗೀಲಿಲ್ಲ."

ಮುನಿಗಂಗಮ್ಮ ಪಾತ್ರೆಗಳನ್ನು ಅವನ ಮುಂದೆ ಇಳಿಸಿದಳು. "ತಪ್ಪಾಯ್ತು ಕಣಣ್ಣ. ಹಾಕ್ಕೋ ಅದನ್ನ. ನಮ್ಮೂರಿಗೆ ಹಾಕ್ಕೊಂಡೇ ಬಾ."

ಅವನು ಟೋಪಿ ಹಾಕಿಕೊಂಡ. ಮೊದಲು ಸಾರಿನ ತಪ್ಪಲೆಯನ್ನೇ ಕೆಂಡದ ಮೇಲಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಡೇರೆ ನಿಮ್ಮೂರಿಗೂ ಬರುತ್ತದೆ. ಹೋಗಿ, ನೋಡಿ, ನಕ್ಕು ಬನ್ನಿ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಪರದೆಯ ಮೇಲೆ ಕಂಡದ್ದಕ್ಕೆ ಇನ್ನೆಷ್ಟು ಪ್ರಮಾಣ ಬೇಕು! ಅಲ್ಲಿ ಕಂಡ ಅಂಟು ಗಡ್ಡಕ್ಕೆ ಹೆದರಿ, ವರ್ಷಗಟ್ಟಲೆ ಕಂಡುಂಡ ಮನುಷ್ಯನಿಗೆ ಬಾಗಿಲು ಮುಚ್ಚಬೇಡಿ. ಮುಚ್ಚಿದ್ದರೆ ಇವತ್ತೇ ಹೋಗಿ ಅವನನ್ನು ಕರೆದು ಬನ್ನಿ.